ದೊಡ್ಡವ್ವನ ರಟ್ಟಿನ ಮರೆ

ಹೊಸ ಫ್ರಿಜ್ ಬಂದ ಮೇಲೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಜಗಳ ನಡೆಯಿತು. ಜಗಳ ಫ್ರಿಜ್ಜಿನದಲ್ಲ, ಅದನ್ನು ತುಂಬಿಕೊಂಡು ಬಂದ ರಟ್ಟಿನ ಡಬ್ಬದ್ದು. ಆಳೆತ್ತರದ ಡಬ್ಬ. ನಡುಮನೆಯಲ್ಲೇ ನಿಲ್ಲಿಸಿದ್ದೆ. ಟಿವಿ ಅರ್ಧ ಮರೆಯಾಗುತ್ತೆ ಅಂತ ನಮ್ಮ ಯಜಮಾನರ ದೂರು. ಬೀದಿಯಲ್ಲಿ ಗುಜರಿಯವನ ಕೂಗು ಕೇಳಿದರೆ ಸಾಕು, ಇವರು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಅಡುಗೆಮನೆಯಿಂದಲೇ "ಅದರ ಮೇಲೆ ಕೈ ಇಟ್ಟೀರಿ ಮತ್ತೆ!" ಅನ್ನುತ್ತಿದ್ದೆ.

"ಏನೇ ಮಾಡ್ತೀಯ ಅದನ್ನ?"

"ಬೇಕು."

"ಬೇಕು ಅಂದ್ರೆ ಯಾತಕ್ಕೆ?"

"ಬೇಕು ಅಂದ್ನಲ್ಲ."

ಇಷ್ಟು ವರ್ಷ ಮಕ್ಕಳಿಂದ ಉತ್ತರ ಬರೆಸಿದವಳಿಗೆ ಉತ್ತರ ಕೊಡಲು ಬರುವುದಿಲ್ಲ ಅಂತಲ್ಲ. ಪೂರ್ತಿ ಉತ್ತರ ಕೊಡಬೇಕಾದರೆ ಚಿತ್ರದುರ್ಗದ ಈ ಬಾಡಿಗೆ ಮನೆಯಿಂದ ಎದ್ದು, ಹಿರಿಯೂರು ದಾಟಿ, ಧರ್ಮಪುರದ ಕಡೆಯ ನಮ್ಮ ದೊಡ್ಡವ್ವನ ಅಂಗಳಕ್ಕೆ ಹೋಗಬೇಕು. ಅಲ್ಲಿಗೆ ಹೋದರೆ ನಮ್ಮ ಎಂಪಿ ಎಲೆಕ್ಷನ್ನುಗಳ ಪುರಾಣವನ್ನೆಲ್ಲ ತೆಗೆಯಬೇಕು. ಅಷ್ಟು ಕೇಳುವ ಪುರುಸೊತ್ತು ಅವರಿಗಿಲ್ಲ, ಕ್ರಿಕೆಟ್ ಇರುತ್ತದೆ. ನಿಮಗಿದ್ದರೆ ಕೂತುಕೊಳ್ಳಿ.

ರಟ್ಟು ಕಂಡರೆ ನನಗೆ ಓಟು ನೆನಪಾಗುತ್ತದೆ. ಮತಗಟ್ಟೆಯಲ್ಲಿ ಯಂತ್ರದ ಸುತ್ತ ಮೂರು ಮಡಿಕೆಯ ಒಂದು ರಟ್ಟು ನಿಲ್ಲಿಸಿರುತ್ತಾರಲ್ಲ, ಅದು. ಹೊಳಲ್ಕೆರೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದ ನನಗೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದು ಕಡಿಮೆ. ಒಂದು ಸಲ ಹೊಸದುರ್ಗ ತಾಲ್ಲೂಕಿನ ತೆಂಗಿನ ತೋಟಗಳ ನಡುವಿನ ಊರಿಗೆ ಹಾಕಿದ್ದರು. ಬೆರಳಿಗೆ ಮಸಿ ಹಚ್ಚುವ ಕೆಲಸ ನನ್ನದು. ಸಾಲಿನಲ್ಲಿ ತಲೆ ತಗ್ಗಿಸಿ, ಸೆರಗು ಎಳೆದುಕೊಂಡು, ಪಕ್ಕದ ಗಂಡಸು ಪಿಸುಗುಟ್ಟಿದ್ದಕ್ಕೆಲ್ಲ ಹ್ಞೂ ಹ್ಞೂ ಅನ್ನುತ್ತಿದ್ದ ಹೆಂಗಸರು ರಟ್ಟಿನ ಹಿಂದೆ ಹೋದ ಕೂಡಲೇ ಬೇರೆಯಾಗುತ್ತಿದ್ದರು. ನನಗೆ ಕಾಣುತ್ತಿದ್ದುದು ಬೆನ್ನು ಮಾತ್ರ. ಆ ಬೆನ್ನು ನೆಟ್ಟಗಾಗುತ್ತಿತ್ತು. ಯಾರಾದರೂ ಸ್ವಲ್ಪ ಹೊತ್ತು ಹೆಚ್ಚಿಗೆ ನಿಂತರೆ ನಮ್ಮ ಮೇಲಿನ ಆಫೀಸರ್ "ಒತ್ತಮ್ಮ, ಬೇಗ ಒತ್ತು" ಅನ್ನುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು. ನಿಂತ್ಕಳ್ಳಲಿ ಬಿಡ್ರಿ ಸಾರ್, ಐದು ವರ್ಷಕ್ಕೊಂದು ಸಲ ತಾನೇ ಅಂದೆ. ಅವರು ನನ್ನನ್ನು ಹೇಗೆ ನೋಡಿದರೆಂದರೆ, ಆಮೇಲೆ ಮಧ್ಯಾಹ್ನದ ಚಿತ್ರಾನ್ನದಲ್ಲಿ ನನಗೆ ತಳ ಹಿಡಿದದ್ದೇ ಬಂತು.

ನಮ್ಮ ಕ್ಷೇತ್ರವೇ ಒಂದು ವಿಚಿತ್ರ ನೋಡಿ. ಒಂದು ತುದಿಗೆ ಮೊಳಕಾಲ್ಮುರು, ಇನ್ನೊಂದು ತುದಿಗೆ ಪಾವಗಡ. ಜಿಲ್ಲೆ ಬೇರೆಯಾದರೂ ಶಿರಾ, ಪಾವಗಡದವರಿಗೆ ನಮ್ಮ ಎಂಪಿಯೇ ಎಂಪಿ. ಹೊಸದುರ್ಗದ ತೆಂಗಿನವರಿಗೂ ಧರ್ಮಪುರದ ಕಡಲೆಕಾಯಿಯವರಿಗೂ ಒಬ್ಬರೇ. ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಹೋದರೆ ಸೊಂಟ ಬಿದ್ದುಹೋಗುತ್ತದೆ. ಗೆದ್ದವರು ಆ ತೊಂದರೆ ತೆಗೆದುಕೊಂಡದ್ದು ಕಡಿಮೆ.

ನಮ್ಮ ನೆಲದಲ್ಲಿ ಎಂಪಿ ಬೆಳೆಯುವುದಿಲ್ಲವೋ ಏನೋ, ಎಷ್ಟೋ ಸಲ ಹೊರಗಿನಿಂದ ತರಿಸಿಕೊಂಡಿದ್ದೇವೆ. ಬಂದವರಿಗೆ ಊರುಗಳ ಹೆಸರು ನಾಲಿಗೆಗೆ ಹತ್ತುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಾ ಹಕಾರ. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಜೀಪಿನ ಮೇಲೆ ನಿಂತು "ಹೊಸದುರ್ಗದ ನನ್ನ ಅಕ್ಕತಂಗಿಯರೇ" ಅಂತ ಕೈ ಮುಗಿದರು. ಹೂವು ಮಾರುವವಳು ಅಲ್ಲಿಂದಲೇ ಕೂಗಿದಳು, "ಅವ್ರು ಮುಂದಿನ ಬಸ್ಸಿಗೆ ಬರ್ತಾರಂತೆ, ಅಲ್ಲೀವರೆಗೂ ನಮ್ಮನ್ನ ಮಾತಾಡಿಸ್ರಿ!" ಅವರೂ ನಕ್ಕರು, ನಾವೂ ನಕ್ಕೆವು. ಆಮೇಲೆ ಮಾಮೂಲಿನಂತೆ ನೀರು ತರುತ್ತೇನೆ, ರೈಲು ತರುತ್ತೇನೆ ಅಂದರು. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಈ ರೈಲು ಮೈಕಿನಲ್ಲಿ ಓಡುತ್ತಲೇ ಇದೆ. ನನ್ನ ಕೂದಲು ಬೆಳ್ಳಗಾದರೂ ಅದಿನ್ನೂ ಸ್ಟೇಷನ್ನಿಗೆ ಬಂದಿಲ್ಲ.

ಹಾಗಂತ ನಾವು ಬಾಯಿ ಮುಚ್ಚಿಕೊಂಡು ಕೂತವರಲ್ಲ. ಒಬ್ಬರನ್ನೇ ಬೆನ್ನುಬೆನ್ನಿಗೆ ದಿಲ್ಲಿಗೆ ಕಳಿಸುವ ಅಭ್ಯಾಸ ಈ ಸೀಮೆಗೆ ಕಡಿಮೆ. ನಾವೇ ಕೂರಿಸುತ್ತೇವೆ, ನಾವೇ ಎಬ್ಬಿಸುತ್ತೇವೆ. ಹೆಸರುವಾಸಿಗಳು ಗೆದ್ದಿದ್ದಾರೆ, ಹೆಸರುವಾಸಿಗಳು ಗಂಟುಮೂಟೆ ಕಟ್ಟಿದ್ದಾರೆ. ಪೇಪರಿನವರು ಇದಕ್ಕೆ ಜಾತಿ ಲೆಕ್ಕ, ಅಲೆ ಲೆಕ್ಕ ಬರೆಯುತ್ತಾರೆ. ಬರೆದುಕೊಳ್ಳಲಿ. ನನ್ನ ಲೆಕ್ಕದಲ್ಲಿ ಇದಕ್ಕೆಲ್ಲ ನಮ್ಮ ದೊಡ್ಡವ್ವನಂಥವರೇ ಕಾರಣ.

ದೊಡ್ಡವ್ವ ಅಂದರೆ ನಮ್ಮಮ್ಮನ ಅಕ್ಕ, ಲಕ್ಕಮ್ಮ. ನಮ್ಮೂರಲ್ಲಿ ಮಿಡ್ಲ್ ಸ್ಕೂಲ್ ಇಲ್ಲದ್ದಕ್ಕೆ ನನ್ನನ್ನು ಅವಳ ಮನೆಯಲ್ಲಿ ಬಿಟ್ಟಿದ್ದರು. ಕುರಿ ಸಾಕಿದ ಮನೆ. ದೊಡ್ಡಪ್ಪ, ಅವನ ತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಈದ ಕುರಿಗಳು, ಎಲ್ಲಾ ಒಂದೇ ಸೂರಿನ ಕೆಳಗೆ. ಬಾಗಿಲು ಇದ್ದುದು ಒಂದೇ, ಬೀದಿ ಬಾಗಿಲು. ಅದನ್ನೂ ಹಗಲಲ್ಲಿ ಹಾಕುತ್ತಿರಲಿಲ್ಲ. ಬೆಳಗಾದರೆ ಲಕ್ಕಮ್ಮಾ ನೀರು, ಅತ್ತಿಗೆ ಸಾರು, ಅವ್ವಾ ನನ್ ಚಡ್ಡಿ. ಅವಳ ಹೆಸರು ಆ ಮನೆಯಲ್ಲಿ ಒಂದು ಗಳಿಗೆ ನೆಲಕ್ಕೆ ಬೀಳುತ್ತಿರಲಿಲ್ಲ. ಗೋಣಿತಾಟಿನ ಹಿಂದೆ ನೀರು ಹಾಕಿಕೊಳ್ಳಲು ಕೂತರೆ, ಮೇಕೆ ಬಂದು ತಾಟು ಎಳೆಯುತ್ತಿತ್ತು.

"ಈ ಮನ್ಯಾಗೆ ಅಳಾಕೂ ಒಂದ್ ಜಾಗ ಇಲ್ಲ ಕಣೇ ಸುಸೀಲಿ" ಅಂತ ಒಂದು ಸಲ ಅಂದಳು. ನನ್ನ ಹೆಸರು ಸುಶೀಲಾ, ಅವಳ ಬಾಯಲ್ಲಿ ಸುಸೀಲಿ. ಹೇಳಿ ತಾನೇ ನಕ್ಕಳು. ಅತ್ತದ್ದನ್ನು ನಾನಂತೂ ನೋಡಲಿಲ್ಲ. ಜಾಗ ಇರಲಿಲ್ಲವಲ್ಲ.

ಆ ಊರಿನ ಓಟಿನ ಪದ್ಧತಿ ಹೇಳುತ್ತೇನೆ ಕೇಳಿ. ಓಟಿನ ಹಿಂದಿನ ದಿನ ಹೊತ್ತು ಇಳಿಯುವಾಗ ಗುಡಿ ಮುಂದಿನ ಕಟ್ಟೆಯಲ್ಲಿ ಯಜಮಾನರೆಲ್ಲ ಸೇರುತ್ತಿದ್ದರು. ಈ ಸಲ ಊರ ಓಟು ಯಾರಿಗೆ ಅಂತ ತೀರ್ಮಾನ ಆಗುತ್ತಿತ್ತು. ಆಮೇಲೆ ಪೂಜಾರಪ್ಪ ದೇವರ ಭಂಡಾರದ ಚೀಲ ಬಿಚ್ಚುತ್ತಿದ್ದ. ಮನೆಗೊಬ್ಬ ಗಂಡಸು ಮುಂದೆ ಬಂದು, ಆ ಅರಿಶಿನದ ಪುಡಿ ಮುಟ್ಟಿ, "ನಮ್ಮನೆ ಓಟು ಒಂದೂ ಆಚೆ ಹೋಗಲ್ಲ" ಅಂತ ಆಣೆ ಮಾಡಬೇಕು. ಅವ್ವ, ಹೆಂಡತಿ, ಸೊಸೆ, ತಂಗಿ, ಎಲ್ಲರ ಪರವಾಗಿ ಅವನೊಬ್ಬನ ಕೈ. ಹೆಂಗಸರನ್ನು ಕೇಳುವ ಮಾತೇ ಇಲ್ಲ, ಕುರಿಗಳನ್ನೂ ಕೇಳುತ್ತಿರಲಿಲ್ಲ. ದೊಡ್ಡಪ್ಪ ಹಳದಿ ಬೆರಳುಗಳ ಸಮೇತ ಮನೆಗೆ ಬಂದು ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಗುರುತು ಹೇಳಿಕೊಡುತ್ತಿದ್ದ. ದೊಡ್ಡವ್ವ ಅಕ್ಕಿ ಆರಿಸುತ್ತ ಹ್ಞೂ ಅನ್ನುತ್ತಿದ್ದಳು.

ಆಗ ಯಂತ್ರ ಇರಲಿಲ್ಲ. ದೊಡ್ಡ ಕಾಗದ, ಮರದ ಹಿಡಿಯ ಮುದ್ರೆ. ನಮ್ಮ ಶಾಲೆಯ ಮೂಲೆಯಲ್ಲಿ ಗಳುವಿಗೆ ಜಮಖಾನ ಇಳಿಬಿಟ್ಟು ಮರೆ ಮಾಡುತ್ತಿದ್ದರು. ನಾನು ಕಿಟಕಿ ಸರಳು ಹಿಡಿದು ನೋಡುತ್ತಿದ್ದೆ. ಉಳಿದ ಹೆಂಗಸರು ಹೋದ ಹಾಗೇ ಬರುತ್ತಿದ್ದರು. ದೊಡ್ಡವ್ವ ಜಮಖಾನದ ಹಿಂದೆ ಹೋದಳೆಂದರೆ ಹೋದಳು. ಆಫೀಸರ್ ಕೆಮ್ಮುತ್ತಿದ್ದರು. ಸಾಲಿನವರು ಗೊಣಗುತ್ತಿದ್ದರು. ಜಮಖಾನದ ಕೆಳಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಅಲುಗಾಡುತ್ತಿರಲಿಲ್ಲ.

"ಇಷ್ಟೊತ್ತು ಒಳಗೇನ್ ಮಾಡ್ತಿದ್ದೆ?" ಅಂತ ಒಂದು ಸಲ ದಾರಿಯಲ್ಲಿ ದೊಡ್ಡಪ್ಪ ಕೇಳಿದ.

"ನಿಂತಿದ್ದೆ."

"ನಿಂತಿದ್ದೆ ಅಂದ್ರೆ?"

"ಅಲ್ಲಿ ಯಾರೂ ಕರೆಯಲ್ಲ. ಸುಮ್ನೆ ನಿಂತ್ಕಂಡಿದ್ದೆ."

ದೊಡ್ಡಪ್ಪ ಹಣೆ ಚಚ್ಚಿಕೊಂಡ. ಕೆಟ್ಟವನಲ್ಲ ಅವನು. ಕುರಿ ಕಳೆದರೆ ಕಣ್ಣೀರು ಹಾಕುವ ಮನುಷ್ಯ. ಆದರೆ ಓಟು ಅಂದರೆ ಅದು ಮನೆಯದು, ಮನೆ ಅಂದರೆ ತಾನು ಅಂತ ನಂಬಿದ್ದ. ಅವನಿಗೆ ಬೇರೆ ಥರ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಆ ಸಲದ ಎಂಪಿ ಓಟಿನ ಎಣಿಕೆ ಮುಗಿಯಿತು. ಎಣಿಕೆಗೆ ಹೋಗಿದ್ದ ಏಜೆಂಟ್ ಚಿತ್ರದುರ್ಗದಿಂದ ಕೆಟ್ಟ ಸುದ್ದಿ ಹೊತ್ತು ತಂದ. ಯಾವ ಊರ ಡಬ್ಬಿಯಲ್ಲಿ ಯಾರಿಗೆ ಎಷ್ಟು ಅಂತ ಅವನಿಗೆ ಗೊತ್ತಾಗಿತ್ತು. ನಮ್ಮೂರಿನ ಡಬ್ಬಿಯಲ್ಲಿ ಎಲ್ಲಾ ಓಟೂ ಕಟ್ಟೆ ಹೇಳಿದವರಿಗೇ ಬಿದ್ದಿದ್ದವು. ಒಂದೇ ಒಂದು ಬಿಟ್ಟು.

ಆ ಒಂದು ಓಟು ಊರಿಗೆ ಹಿಡಿಸಿದ ಹುಚ್ಚು ಇವತ್ತಿಗೂ ಕಣ್ಣ ಮುಂದಿದೆ. ಕುರಿ ಕಳೆದರೂ ಅಷ್ಟು ಹುಡುಕುತ್ತಿರಲಿಲ್ಲ. ಯಾರ ಮನೆಯದು? ಯಾರ ಹೆಂಡತಿಯದು? ಯಾವ ಗಂಡಸೂ ತನ್ನದಿರಬಹುದು ಅನ್ನಲಿಲ್ಲ, ಯಾವ ಗಂಡಸಿನದೋ ಇರಬಹುದು ಅಂತ ಯಾರೂ ಅನುಮಾನಿಸಲೂ ಇಲ್ಲ. ಭಂಡಾರ ಮುಟ್ಟಿ ಸುಳ್ಳಾಯಿತು, ಮಳೆ ಹೋಗುತ್ತೆ, ಕುರಿಗೆ ರೋಗ ಬರುತ್ತೆ ಅಂತ ಕಟ್ಟೆಯಲ್ಲಿ ಒಬ್ಬರಿಗಿಂತ ಒಬ್ಬರು ಹೆದರಿಸಿಕೊಂಡರು. ಕೊನೆಗೆ ಯಾರೋ ಅಂದರು, "ಆ ಲಕ್ಕಮ್ಮ ಜಮಖಾನದ ಹಿಂದೆ ಅಷ್ಟೊತ್ತು ನಿಂತಿದ್ಲಲ್ಲ." ಅಷ್ಟೇ ಸಾಕಾಯಿತು. ಕಟ್ಟೆಯವರೆಲ್ಲ ದೊಡ್ಡಪ್ಪನನ್ನು ಮುಂದಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

ದೊಡ್ಡವ್ವ ಒಲೆ ಮುಂದೆ ಮುದ್ದೆ ಕಟ್ಟುತ್ತಿದ್ದಳು. ಏಳಲಿಲ್ಲ.

"ಲಕ್ಕಮ್ಮಾ, ನಿಜ ಹೇಳು. ಆ ಓಟು ನಿಂದಾ?"

ಅವಳು ಕಟ್ಟುತ್ತಿದ್ದ ಮುದ್ದೆಯನ್ನು ನುಣ್ಣಗೆ ಮಾಡಿ ಮುಗಿಸಿ ತಟ್ಟೆಗಿಟ್ಟಳು. ಆಮೇಲೆ ಹೊರಗೆ ನೋಡಿ, "ಭಂಡಾರ ಮುಟ್ಟಿದ್ದು ಯಾರ ಕೈ?" ಅಂದಳು.

"ನಿನ್ ಗಂಡಂದು."

"ಹಂಗಾರೆ ಅವನನ್ನ ಕೇಳ್ರಿ. ಮುಟ್ದೋರಿಗೆ ಆಣೆ. ನಾನ್ ಮುಟ್ಟಿಲ್ಲ."

ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅಲ್ಲ ಅಂದಿದ್ದರೆ ಬಿಡುತ್ತಿದ್ದರೋ ಏನೋ. ಆ ದಿನ ಅವಳಿಗೆ ಬಿದ್ದ ಬೈಗುಳ ನಾನು ಬರೆಯುವುದಿಲ್ಲ. ದೊಡ್ಡಪ್ಪ ಕಟ್ಟೆಯಲ್ಲಿ ಎಲ್ಲರ ಕಾಲಿಗೆ ಬಿದ್ದು ತಪ್ಪುಕಾಣಿಕೆ ಕೊಟ್ಟ. ಬಹಳ ದಿನ ಅವಳ ಕೈಯ ಮುದ್ದೆ ಮುಟ್ಟಲಿಲ್ಲ, ತಮ್ಮನ ಹೆಂಡತಿ ಬಡಿಸಬೇಕಾಗಿತ್ತು. ದೊಡ್ಡವ್ವ ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳು ಕೊಡ ಹೊತ್ತು, ತಲೆ ಎತ್ತಿಕೊಂಡೇ ಬರುತ್ತಿದ್ದಳು. ಪಕ್ಕದಲ್ಲಿ ಬರುತ್ತಿದ್ದ ನನಗೆ ನಾಚಿಕೆಯೋ ಹೆಮ್ಮೆಯೋ ತಿಳಿಯುತ್ತಿರಲಿಲ್ಲ. ಈಗ ಕೇಳಿದರೆ ಹೆಮ್ಮೆ ಅಂತಲೇ ಹೇಳುತ್ತೇನೆ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದೊಡ್ಡವ್ವನೊಬ್ಬಳನ್ನೇ ಬೀದಿಗೆ ತಂದ ಹಾಗಾಗುತ್ತದೆ. ನಾನು ಎಂ.ಎ., ಬಿ.ಎಡ್. ಗುಪ್ತ ಮತದಾನ ಅಂದರೇನು, ಅದರ ಮಹತ್ವವೇನು ಅಂತ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವಳು. ಓಟು ಹಾಕಿ ಹೊರಗೆ ಬಂದರೆ ಸ್ಕೂಟರ್ ಹತ್ತಿರ ನಿಂತ ಯಜಮಾನರು "ಅದಕ್ಕೇ ತಾನೇ?" ಅನ್ನುತ್ತಿದ್ದರು. ನಾನು "ಹ್ಞೂ" ಅನ್ನುತ್ತಿದ್ದೆ. ಯಾರಿಗೆ ಹಾಕಿರಲಿ, ಹ್ಞೂ. ಮದುವೆಯಾದಾಗಿನಿಂದ ನಮ್ಮ ಮನೆಯ ಶಾಂತಿ ಆ ಒಂದು ಹ್ಞೂ ಮೇಲೆ ನಿಂತಿತ್ತು. ನನ್ನ ವಿದ್ಯಾರ್ಥಿಗಳಿಗೆ ಇದು ಗೊತ್ತಾದರೆ ನನ್ನ ಗತಿ ಏನು ಹೇಳಿ.

ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಈಗ ಆ ಮನೆಗೆ ದೊಡ್ಡ ಮಗ ತಿಪ್ಪೇಶಣ್ಣ ಯಜಮಾನ. ಪಂಚಾಯ್ತಿ ಮೆಂಬರ್ ಬೇರೆ. ಮೆಂಬರ್ ಆದವನ ಮನೆಯಲ್ಲೇ ಓಟು ಆಚೀಚೆ ಆದರೆ ಮರ್ಯಾದೆ ಏನಾಗಬೇಕು ಅಂತ ಅವನ ಚಿಂತೆ. ಮನೆಗೆ ಆರ್‌ಸಿಸಿ ಬಂದಿದೆ, ಟಿವಿ ಬಂದಿದೆ, ಕಟ್ಟೆಯವರಿಗೆ ವಾಟ್ಸಾಪ್ ಗ್ರೂಪ್ ಬಂದಿದೆ. ಭಂಡಾರ ಮಾತ್ರ ಹಾಗೇ ಇದೆ. ದೊಡ್ಡವ್ವನಿಗೆ ಈಗಲೂ ಬಾಗಿಲಿರುವ ಕೋಣೆ ಇಲ್ಲ. ಹಜಾರದಲ್ಲಿ, ಎಲ್ಲರೂ ಓಡಾಡುವ ದಾರಿಯಲ್ಲಿ, ಅವಳ ಮಂಚ. ಮೊಮ್ಮಕ್ಕಳು ಅದರ ಮೇಲೆ ಹತ್ತಿ ಮೊಬೈಲ್ ನೋಡುತ್ತಾರೆ, ತಿಪ್ಪೇಶಣ್ಣನ ಹೆಂಡತಿ ರತ್ನಕ್ಕ ಅದರ ಮೇಲೆ ಬಟ್ಟೆ ಮಡಿಸುತ್ತಾಳೆ.

ಆದರೆ ಬಾಯಿ ಇನ್ನೂ ಗಟ್ಟಿ. ನಮ್ಮ ಕ್ಷೇತ್ರ ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಹೊಸದರಲ್ಲಿ ಕಟ್ಟೆಯ ಕೆಲವರು ಅಂಗಳಕ್ಕೆ ಬಂದು ಮೂಗು ಮುರಿದರಂತೆ, ಇನ್ನು ಯಾರಿಗೆ ಬೇಕು ಈ ಓಟು ಅಂತ. ದೊಡ್ಡವ್ವ ಮಂಚದಿಂದಲೇ, "ಯಾಕ್ರೋ? ನಿಮ್ ಕಟ್ಟೆ ಇಷ್ಟು ವರ್ಷ ನಿಮಗೇ ಮೀಸಲಿತ್ತಲ್ಲ, ಆಗ ಯಾರಿಗೂ ಹೊಟ್ಟೆ ಉರೀಲಿಲ್ವಾ? ಕುಂತ್ಕಳ್ಳಿ ಅವ್ರೂ ಒಂದಷ್ಟು ದಿನ" ಅಂದಳಂತೆ. ಬಂದವರು ಕಾಫಿಯನ್ನೂ ಕುಡಿಯದೆ ಹೋದರು ಅಂತ ರತ್ನಕ್ಕ ಫೋನಿನಲ್ಲಿ ಹೇಳಿ ನಕ್ಕಿದ್ದಳು.

ಕಳೆದ ಲೋಕಸಭೆ ಚುನಾವಣೆಯಲ್ಲಿ ರತ್ನಕ್ಕನ ಫೋನು ಮತ್ತೆ ಬಂತು. ಈ ಸಲ ನಗು ಇರಲಿಲ್ಲ. "ಸುಶೀಲಾ, ಒಂದ್ಸಲ ಬಂದೋಗು. ಅತ್ತೆ ಊಟ ಬಿಟ್ಟು ಗ್ವಾಡೆ ಕಡೆ ಮಕ ಮಾಡ್ಕಂಡು ಕುಂತವ್ರೆ."

ಹೋದೆ. ಯುಗಾದಿ ಕಳೆದು ಬಿಸಿಲು ಮೈ ಸುಡುತ್ತಿತ್ತು. ವಿಷಯ ಇಷ್ಟು. ತುಂಬಾ ವಯಸ್ಸಾದವರ ಮನೆಗೇ ಬಂದು ಓಟು ಹಾಕಿಸಿಕೊಂಡು ಹೋಗುವ ಏರ್ಪಾಡು ಬಂದಿದೆಯಲ್ಲ, ತಿಪ್ಪೇಶಣ್ಣ ಅದಕ್ಕೆ ಅವ್ವನ ಹೆಸರು ಕೊಟ್ಟು ಹೆಬ್ಬೆಟ್ಟು ಒತ್ತಿಸಿಬಿಟ್ಟಿದ್ದ. ಪಿಂಚಣಿ ಕಾಗದ ಅಂದಿದ್ದನಂತೆ. ಕಣ್ಣಿಗೆ ಪೊರೆ ಬಂದವರಿಗೆ ಮನೆಯವರೊಬ್ಬರು ಗುರುತು ಹಾಕಿಕೊಡಬಹುದು ಅಂತಲೂ ಯಾರೋ ಅವನ ಕಿವಿಗೆ ಹಾಕಿದ್ದರು. ಅವ್ವನ ಒಂದು ಕಣ್ಣಿಗೆ ಪೊರೆ. ಸಲೀಸಾಯಿತಲ್ಲ. ಅಮ್ಮನ ಜಾಗದಲ್ಲಿ ಮಗನ ಕೈ. ಈ ಸಲ ಊರಲ್ಲಿ ಒಂದೂ ಆಚೆ ಹೋಗಲ್ಲ ಅಂತ ಭಂಡಾರವನ್ನೂ ಮುಟ್ಟಿ ಬಂದಿದ್ದ.

"ಬಿಸಿಲಾಗೆ ಇಸ್ಕೂಲ್ ಗಂಟ ಯಾಕೆ ನಡೀಬೇಕು ಅಂತ ಮಾಡ್ದೆ ಕಣಮ್ಮ" ಅಂದ ನನ್ನ ಮುಖ ನೋಡದೆ.

"ಅಣ್ಣ, ಬಿಸಿಲಿಗೆ ಆಟೋ ಇತ್ತಲ್ಲ?" ಅಂದೆ. ಅವನು ಫೋನ್ ಬಂದವನ ಹಾಗೆ ಎದ್ದು ಹೋದ.

ದೊಡ್ಡವ್ವ ಗೋಡೆಯಿಂದ ಮುಖ ತಿರುಗಿಸಿದಳು. "ನಾನು ಇಸ್ಕೂಲಿಗೇ ಹೋಗ್ತೀನಿ ಸುಸೀಲಿ. ತೆವಳ್ಕಂಡಾದ್ರೂ ಹೋಗ್ತೀನಿ. ಇಲ್ಲಿ ಬ್ಯಾಡ. ಇಲ್ಲಿ ಹೆಂಗೆ ಹಾಕ್ಲಿ ಹೇಳು, ನಾನ್ ಸೀರೆ ಉಡೋದೂ ಎಲ್ಲಾರಿಗೂ ಕಾಣ್ತೈತೆ."

ನಾನು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಒಂದು ಸಲ ಮನೆಯಲ್ಲಿ ಹಾಕುತ್ತೇನೆ ಅಂತ ಹೆಸರು ಸೇರಿದರೆ ಮತಗಟ್ಟೆಯಲ್ಲಿ ಹಾಕಲು ಬರುವುದಿಲ್ಲ ಮೇಡಂ ಅಂದರು. ಬಂದಾಗ ಹಾಕಿದರೆ ಹಾಕಿದ ಹಾಗೆ, ಇಲ್ಲದಿದ್ದರೆ ಈ ಸಲ ಅವರಿಗೆ ಓಟೇ ಇಲ್ಲ. ಅದನ್ನು ಅವಳಿಗೆ ಹೇಳಿದೆ. ಇನ್ನೊಂದು ಎಂಪಿ ಓಟಿನವರೆಗೆ ಅವಳು ಇರುತ್ತಾಳೋ ಇಲ್ಲವೋ ಅಂತ ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಸೀರೆ ಅಂಚು ತಿರುವಿದಳು.

"ಬರೋರು ಮರೆ ತರ್ತಾರಾ?" ಅಂದಳು.

"ತರ್ತಾರೆ ದೊಡ್ಡವ್ವ, ರಟ್ಟಿಂದು."

"ಹಂಗಾರೆ ಬರ್ಲಿ. ಮುದ್ದೆ ಹಾಕು, ಹಸಿವಾಗೈತೆ."

ಮಾರನೇ ದಿನ ಜೀಪ್ ಬಂತು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸು, ಕ್ಯಾಮರಾ ಹಿಡಿದವನೊಬ್ಬ. ಹಜಾರದಲ್ಲಿ ಟ್ರಂಕಿನ ಮೇಲೆ ರಟ್ಟು ಬಿಡಿಸಿ ನಿಲ್ಲಿಸಿದರು. ಊರೇ ಬಾಗಿಲಲ್ಲಿ ನೆರೆದಿತ್ತು. ತಿಪ್ಪೇಶಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ಬಂದ. "ಬರ್ರಿ ಸಾರ್, ಕುಂತ್ಕಳ್ರಿ. ಅವ್ವಂಗೆ ಕಣ್ ಕಾಣಲ್ಲ. ನಾನೇ ಹಾಕಿಕೊಡ್ತೀನಿ."

ಅಧಿಕಾರಿ ದೊಡ್ಡವ್ವನ ಕಡೆ ಬಾಗಿ, "ಅಜ್ಜಿ, ಕಣ್ಣು ಕಾಣ್ಸುತ್ತಾ?" ಅಂದರು.

"ಕಾಣ್ದೇ ಏನಪ್ಪ. ಇಗಾ, ಇವ್ನು ಅಂಗಿ ಗುಂಡಿ ಮೇಲಿಂದು ಕೆಳಕ್ಕೆ ಹಾಕ್ಯಂಡವ್ನೆ. ನಿಮ್ ಪೋಲೀಸಪ್ಪ ಎಲೆಅಡಿಕೆ ಉಗುಳಾಕೆ ಜಾಗ ಹುಡುಕ್ತಾವ್ನೆ. ರತ್ನೀ, ಅವ್ನಿಗೆ ಹಿತ್ತಲು ತೋರ್ಸು."

ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದರು. ತಿಪ್ಪೇಶಣ್ಣ ಕೆಳಗೆ ನೋಡಿಕೊಂಡು ಗುಂಡಿ ಬಿಚ್ಚತೊಡಗಿದ. ಅಧಿಕಾರಿ ನಗು ತಡೆದುಕೊಂಡು, "ಕಾಣ್ಸುತ್ತೆ ಅಂತಿದ್ದಾರೆ, ಸಹಾಯ ಬೇಡ. ಅವರೇ ಹಾಕಲಿ" ಅಂದರು. ದೊಡ್ಡವ್ವ ಮಂಚದ ಕಾಲು ಹಿಡಿದು ಎದ್ದು ನಿಂತಳು.

"ಎಲ್ಲಾರೂ ಆಚಿಗೆ ನಡೀರಿ."

"ಅವ್ವಾ, ನಾನು ನಿನ್ ಮಗ ಕಣವ್ವ" ಅಂದ ತಿಪ್ಪೇಶಣ್ಣ.

"ಮಗ ಆದ್ರೇನು? ನಿಮ್ಮಪ್ಪನ್ನೇ ಒಳಿಕ್ಕೆ ಬಿಟ್ಕಂಡಿರಲಿಲ್ಲ ನಾನು."

"ಭಂಡಾರ ಮುಟ್ಟೀನಿ ಅವ್ವಾ! ಊರಾಗೆ ನನ್ ಮಕ ಏನಾಗ್ಬೇಕು?"

"ಮುಟ್ಟಿದ್ದು ನಿನ್ ಕೈ. ನಿನ್ ಓಟು ನಿನ್ ಕೈಲಿ ಹಾಕು ಹೋಗು. ನನ್ ಓಟು ನನ್ ಕೈಲಿ ಹಾಕ್ತೀನಿ."

ಅವನು ಇನ್ನೂ ನಿಂತೇ ಇದ್ದ. ಗಡಿ ಸೀಮೆಯವಳು, ದೊಡ್ಡವ್ವನಿಗೆ ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತದೆ. ಬಾಗಿಲ ಕಡೆ ಕೈ ತೋರಿಸಿ "ಬೈಟಿಕಿ ಪೋರಾ!" ಅಂತ ಗುಡುಗಿದಳು. ಪಂಚಾಯ್ತಿ ಮೆಂಬರ್ ಹೊರಗೆ ಬಂದ. ಮೊಮ್ಮಕ್ಕಳು ಬಂದವು, ರತ್ನಕ್ಕ ಬಂದಳು. ನಾನು ಬಾಗಿಲ ಪಕ್ಕ ಮೆಲ್ಲಗೆ ನಿಂತುಕೊಂಡೆ, ಆ ಮಾತು ನನಗೆ ಹೇಳಿದ್ದಲ್ಲ ಅಂತ.

"ನೀನೂ ನಡಿಯೇ, ಟೀಚರಮ್ಮ" ಅಂದಳು.

ನಾವೆಲ್ಲ ಬೀದಿಯಲ್ಲಿ ಹೊಂಗೆ ಮರದ ಕೆಳಗೆ ನಿಂತೆವು. ಆ ಮನೆ ಕಟ್ಟಿದಾಗಿನಿಂದ ಮನೆಯವರೆಲ್ಲ ಒಟ್ಟಿಗೆ ಹೊರಗೆ, ದೊಡ್ಡವ್ವನೊಬ್ಬಳೇ ಒಳಗೆ ಇದ್ದದ್ದು ಅದೇ ಮೊದಲು. ಅಧಿಕಾರಿಗಳು ಅವಳಿಗೆ ಬೆನ್ನು ಮಾಡಿ ಹೊಸ್ತಿಲ ಹತ್ತಿರ ನಿಂತಿದ್ದರು. ಕ್ಯಾಮರಾದವನೂ ಗೋಡೆ ಕಡೆ ತಿರುಗಿದ್ದ. ಸುಮಾರು ಹೊತ್ತಾಯಿತು. ಅಧಿಕಾರಿ ಕೆಮ್ಮಿದರು. ಆ ಕೆಮ್ಮು ಕೇಳಿ ನನಗೆ ಕಿಟಕಿ ಸರಳು, ಜಮಖಾನ, ಆ ಎರಡು ಪಾದ ಎಲ್ಲಾ ನೆನಪಾಗಿ ಕಣ್ಣು ತುಂಬಿಬಂತು.

"ಇಷ್ಟೊತ್ತು ಏನ್ ಮಾಡ್ತಾವ್ಳೆ ಒಳಗೆ?" ತಿಪ್ಪೇಶಣ್ಣ ಚಡಪಡಿಸಿದ.

"ನಿಂತ್ಕಂಡವ್ರೆ ಬಿಡ್ರಿ" ಅಂದಳು ರತ್ನಕ್ಕ. ಆಮೇಲೆ ಗಂಡನ ಕಡೆ ನೋಡದೆ, ಮರದ ಕಡೆ ನೋಡುತ್ತ, "ನಾನೂ ಇಸ್ಕೂಲಿಗೆ ಹೋದಾಗ ನಿಂತ್ಕಂತೀನಿ" ಅಂದಳು. ತಿಪ್ಪೇಶಣ್ಣ ಹೆಂಡತಿಯನ್ನು ಅವತ್ತೇ ಮೊದಲ ಸಲ ನೋಡಿದವನ ಹಾಗೆ ನೋಡಿದ.

ದೊಡ್ಡವ್ವ ಓಟಿನ ಕಾಗದವನ್ನು ಕವರಿಗೆ ಹಾಕಿ ಅಂಟಿಸಿ ಕೊಟ್ಟ ಮೇಲೆ ನಮ್ಮನ್ನು ಒಳಗೆ ಕರೆದಳು. ರಟ್ಟು ಮಡಿಸುತ್ತಿದ್ದ ಅಧಿಕಾರಿಯ ಕೈ ಹಿಡಿದು, "ಅಪ್ಪಾ, ಅದನ್ನ ಬಿಟ್ಟೋಗಪ್ಪ, ಮಂಚದ ಸುತ್ತ ಇಟ್ಕಂತೀನಿ" ಅಂದಳು. ಅವರು, "ಸರ್ಕಾರದ್ದು ಅಜ್ಜಿ, ಕೊಡೋಕಾಗಲ್ಲ. ಕೊಡೋ ಹಾಗಿದ್ರೆ ಕೊಡ್ತಿದ್ದೆ" ಅಂದರು. ಬೇಜಾರಾದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಆ ಕ್ಷಣವೇ ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡೆ.

ಅದಾದ ಸ್ವಲ್ಪ ದಿನಕ್ಕೆ ಚಿತ್ರದುರ್ಗದಲ್ಲಿ ನಮ್ಮ ಓಟು. ರಟ್ಟಿನ ಹಿಂದೆ ಹೋದವಳು ಸುಮ್ಮನೆ ನಿಂತೆ. ಎದುರಿಗೆ ಶಾಲೆಯ ಗೋಡೆ, ಅದರ ಮೇಲೆ ಯಾವುದೋ ಮಗು ಬರೆದ ಸೂರ್ಯ. ಯಾರೂ ಕರೆಯಲಿಲ್ಲ. ಆಮೇಲೆ ಒತ್ತಿದೆ. ಹೊರಗೆ ಬಂದಾಗ ಯಜಮಾನರು ಸ್ಕೂಟರ್ ಹತ್ತಿರ ನಿಂತಿದ್ದರು.

"ಅದಕ್ಕೇ ತಾನೇ?"

"ಹೇಳಲ್ಲ."

"ಹ್ಞಾಂ?"

"ಹೇಳಲ್ಲ ಅಂದೆ. ಗಾಡಿ ಸ್ಟಾರ್ಟ್ ಮಾಡ್ರಿ."

ದಾರಿಯುದ್ದಕ್ಕೂ ಅವರು ಗಾಡಿ ನಿಧಾನವಾಗಿಯೇ ಓಡಿಸಿದರು. ಎಲ್ಲಿ ಕೆಟ್ಟಿತು ಈ ಸಂಸಾರ ಅಂತ ಯೋಚಿಸುತ್ತಿದ್ದರೋ ಏನೋ. ಇವತ್ತಿಗೂ ಒಳ್ಳೆ ಮೂಡಿನಲ್ಲಿದ್ದಾಗ ಕೇಳುತ್ತಾರೆ. ನಾನು ಇವತ್ತಿಗೂ ಹೇಳಿಲ್ಲ. ಶಾಂತಿಯೇನೂ ಕೆಟ್ಟಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾದರೆ ಈಗ ಸ್ವಲ್ಪ ಹೆದರಿಕೊಂಡು ಹೇಳುತ್ತಾರೆ, ಅಷ್ಟೇ.

ಈಗ ಫ್ರಿಜ್ಜಿನ ಡಬ್ಬಕ್ಕೆ ಬಂದೆ. ಮೊನ್ನೆ ಭಾನುವಾರ ಅದನ್ನು ಒಂದು ಕಡೆ ಸೀಳಿ, ಮಡಿಸಿ, ಹಗ್ಗ ಕಟ್ಟಿ ಹಿರಿಯೂರು ಬಸ್ಸಿಗೆ ಏರಿಸಿದೆ. ಕಂಡಕ್ಟರು "ಏನ್ ಮೇಡಂ, ಖಾಲಿ ರಟ್ಟು ಹೊತ್ಕಂಡು ಹೊಂಟೀರಿ?" ಅಂದು ಲಗೇಜ್ ಟಿಕೆಟ್ ಹರಿದ. ಧರ್ಮಪುರದ ಬಸ್ಸಿನಲ್ಲಿ ಅದಕ್ಕೆ ಕಡಲೆಕಾಯಿ ಮೂಟೆಗಳ ಮೇಲೆ ಜಾಗ ಸಿಕ್ಕಿತು.

ಮಂಚದ ಸುತ್ತ ಮೂರು ಕಡೆ ನಿಲ್ಲಿಸಿ, ಗೋಡೆಯ ಮೊಳೆಗೆ ಹಗ್ಗ ಕಟ್ಟಿದೆ. ತಿಪ್ಪೇಶಣ್ಣ ದೂರ ನಿಂತು ನೋಡಿದ. ಹಗ್ಗ ಸಡಿಲಾಗಿದ್ದ ಕಡೆ ತಾನೇ ಬಂದು ಬಿಗಿ ಮಾಡಿ ಹೋದ. ದೊಡ್ಡವ್ವ ಒಳಗೆ ಹೋಗಿ ಕೂತಳು. ನಾನು ಆಚೆ ನೆಲದ ಮೇಲೆ ಕೂತೆ. ರಟ್ಟಿನ ಮೇಲೆ ಫ್ರಿಜ್ಜಿನ ಚಿತ್ರ, ಅದರ ಹಿಂದಿನಿಂದ ಅವಳ ದನಿ.

"ಸುಸೀಲಿ, ಒಂದ್ ಮಾತು. ಆ ಒಂದು ಓಟು ಇತ್ತಲ್ಲ, ಅದು ನಂದಲ್ಲ ಕಣೇ."

"ಯಾವುದು?"

"ನೀನು ಚಿಕ್ಕೋಳಿದ್ದಾಗ. ಊರೆಲ್ಲಾ ನಮ್ ಬಾಗ್ಲಿಗೆ ಬಂದಿದ್ರಲ್ಲ. ಆ ಸಲ ನಾನು ನಿಮ್ ದೊಡ್ಡಪ್ಪ ಹೇಳ್ದೋರಿಗೇ ಒತ್ತಿದ್ದೆ. ನಿಂತ್ಕಂಡಿದ್ದೆ ಅಷ್ಟೇಯಾ. ನನ್ನಿಷ್ಟದಂಗೆ ಹಾಕಾಕೆ ಶುರು ಮಾಡಿದ್ದು ಆ ಬೈಗುಳ ತಿಂದ್ಮ್ಯಾಲೆ."

ಆ ಬೈಗುಳ, ಆ ಬಾವಿಕಟ್ಟೆ, ದೊಡ್ಡಪ್ಪ ಮುಟ್ಟದೆ ಬಿಟ್ಟ ಮುದ್ದೆ. ಎಲ್ಲಾ ಮಾಡದ ಕೆಲಸಕ್ಕೆ.

"ಮತ್ತೆ ನಂದಲ್ಲ ಅಂತ ಹೇಳ್ಬಾರ್ದಿತ್ತಾ ದೊಡ್ಡವ್ವ?"

"ನಂದಲ್ಲ ಅಂದಿದ್ರೆ ಇನ್ನೊಂದು ಬಾಗಿಲಿಗೆ ಹೋಗ್ತಿದ್ರು. ಊರಾಗೆ ಒಬ್ಳಿಗಾದ್ರೂ ಧೈರ್ಯ ಐತಲ್ಲ ಅಂತ ನಂಗೆ ಖುಷಿಯಾಗಿತ್ತು. ಅವ್ಳನ್ನ ಹಿಡ್ಕೊಡ್ಲಾ?"

"ಯಾರದು ಹಂಗಾದ್ರೆ?"

ರಟ್ಟಿನ ಹಿಂದೆ ದೊಡ್ಡವ್ವ ನಕ್ಕಳು.

"ಯಾರಿಗ್ ಗೊತ್ತು. ನಾನ್ ಕೇಳ್ಲಿಲ್ಲ. ನೀನೂ ಕೇಳ್ಬ್ಯಾಡ."